ನಡುಗುವ ಚಕ್ರಕ್ಕೆ ನಾಡಿಪರೀಕ್ಷೆ

ಅಮೆರಿಕದ ಹೆದ್ದಾರಿಯಲ್ಲಿ ಪಿಕಪ್ ಟ್ರಕ್ಕೊಂದು ಗಂಟೆಗೆ 90 ಕಿಲೋಮೀಟರ್ ವೇಗದಲ್ಲಿ ಸಾಗುತ್ತಿದೆ. ಹಿಂದಿನ ಸೀಟಿನಲ್ಲಿ ಮಕ್ಕಳು. ತೆರೆದ ತೊಟ್ಟಿಯಲ್ಲಿ ಮನೆಯ ಸಾಮಾನು. ಸೇತುವೆಯ ಸಂದಿನ ಮೇಲೆ ಮುಂಚಕ್ರ ಒಮ್ಮೆ ಕುಲುಕುತ್ತದೆ, ಅಷ್ಟೆ. ಮರುಕ್ಷಣವೇ ಸ್ಟಿಯರಿಂಗ್ ಚಕ್ರವು ಭೂತ ಹಿಡಿದಂತೆ ಎಡಕ್ಕೂ ಬಲಕ್ಕೂ ಬಡಿದುಕೊಳ್ಳತೊಡಗುತ್ತದೆ. ವಾಹನದ ಮೈಯೆಲ್ಲ ಗಡಗಡನೆ ನಡುಗುತ್ತದೆ. ವೇಗ ತಗ್ಗಿದೊಡನೆ, ಏನೂ ನಡೆದೇ ಇಲ್ಲವೆಂಬಂತೆ ಎಲ್ಲವೂ ಶಾಂತ! ಅಲ್ಲಿನ ಚಾಲಕರು ಈ ನಡುಕವನ್ನು ‘ಡೆತ್ ವಾಬಲ್’, ಎಂದರೆ ಮೃತ್ಯುಕಂಪ, ಎಂದು ಕರೆಯುತ್ತಾರೆ.

ಇದೇನೂ ಹೊಸ ಕಾಯಿಲೆಯಲ್ಲ. 1920ರ ದಶಕದಲ್ಲಿ ಕಾರುಗಳ ಮುಂಚಕ್ರಗಳು ಹೀಗೆ ಕುಣಿದಾಗ, ಭುಜ ಕುಲುಕಿಸುವ ಅಂದಿನ ನೃತ್ಯವೊಂದರ ಹೆಸರನ್ನೇ ಅದಕ್ಕಿಟ್ಟು ‘ಶಿಮ್ಮಿ’ ಎಂದರು. ಎಡಬಲ ಚಕ್ರಗಳೆರಡನ್ನೂ ಒಂದೇ ಅಖಂಡ ಅಚ್ಚು ಕೂಡಿಸಿದ್ದುದರಿಂದ, ಒಂದಕ್ಕೆ ಬಿದ್ದ ಪೆಟ್ಟು ಇನ್ನೊಂದಕ್ಕೂ ತಾಗುತ್ತಿತ್ತು. 1934ರಲ್ಲಿ ಜನರಲ್ ಮೋಟರ್ಸ್ ಮೊದಲಾದ ಅಮೆರಿಕನ್ ಸಂಸ್ಥೆಗಳು ಮುಂಚಕ್ರಗಳು ಬೇರೆಬೇರೆಯಾಗಿ ಏರಿಳಿಯುವ ಏರ್ಪಾಡನ್ನು ತಂದವು. ಕಾರುಗಳಲ್ಲಿ ಈ ಪೀಡೆ ತಗ್ಗಿತು. ಆದರೆ ನಾಲ್ಕು ಚಕ್ರಗಳಿಗೂ ಎಂಜಿನ್ನಿನ ಬಲ ಹರಿಯುವ ಫೋರ್ಡ್ ಎಫ್-250, ರ‍್ಯಾಮ್ 2500ರಂಥ ಭಾರದ ಪಿಕಪ್ಪುಗಳಲ್ಲಿ, ಗಟ್ಟಿತನಕ್ಕಾಗಿ ಅಖಂಡ ಅಚ್ಚೇ ಉಳಿಯಿತು. ಅದರ ಜೊತೆಗೆ ಹಳೆಯ ಪೀಡೆಯೂ ಉಳಿಯಿತು.

ಸುಲಭದ ಮದ್ದು

ಉಯ್ಯಾಲೆಯನ್ನು ಅದರ ಲಯವರಿತು ನೂಕಿದರೆ ಸಣ್ಣ ನೂಕಿಗೂ ಅದು ಎತ್ತರಕ್ಕೇರುವುದಷ್ಟೆ. ಚಕ್ರಗಳ ಕಂಪನವೂ ಹಾಗೆಯೇ. ಕೀಲುಗಳು ಬಿಗಿಯಾಗಿದ್ದರೆ ಕುಲುಕು ಅಲ್ಲಿಯೇ ಅಡಗುತ್ತದೆ. ಸವೆದು ಸಡಿಲವಾಗಿದ್ದರೆ ಕ್ಷಣಕ್ಷಣಕ್ಕೂ ಬೆಳೆಯುತ್ತದೆ.

ಇಂಥ ವಾಹನಗಳಲ್ಲಿ ಸ್ಟಿಯರಿಂಗಿನ ಅದುರನ್ನು ಹೀರುವ ‘ಡ್ಯಾಂಪರ್’ ಎಂಬ ಕೊಳವೆಯೊಂದಿರುತ್ತದೆ. ಅದನ್ನು ಬದಲಿಸುವುದು ಸುಲಭ, ಖರ್ಚೂ ಕಡಿಮೆ. ನಡುಕ ನಿಂತಿತೆಂದು ಯಜಮಾನ ನಿಶ್ಚಿಂತನಾಗುತ್ತಾನೆ. ಆದರೆ ಸವೆದ ಕೀಲು ಒಳಗೊಳಗೇ ಸವೆಯುತ್ತಿರುತ್ತದೆ! ಹೊಸ ಡ್ಯಾಂಪರು ರೋಗವನ್ನು ವಾಸಿಮಾಡದೆ, ಅದರ ಕುರುಹನ್ನು ಮಾತ್ರ ಮರೆಸಿರುತ್ತದೆ.

ಪರೀಕ್ಷೆಯ ಕ್ರಮ

ಮೊದಲು ಟೈರುಗಳನ್ನು ನೋಡತಕ್ಕದ್ದು. ಗಾಳಿ ಸರಿಯಾಗಿದೆಯೆ? ಸವೆತ ಒಂದೇ ಸಮನಾಗಿದೆಯೆ? ಚಕ್ರಗಳ ಬ್ಯಾಲೆನ್ಸಿಂಗ್ ಸರಿಯಿದೆಯೆ?

ಎರಡನೆಯ ಪರೀಕ್ಷೆಗೆ ಇಬ್ಬರು ಬೇಕು. ಸಮತಟ್ಟಾದ ನೆಲದಲ್ಲಿ ಹ್ಯಾಂಡ್‌ಬ್ರೇಕ್ ಹಾಕಿ, ಒಬ್ಬರು ಸ್ಟಿಯರಿಂಗನ್ನು ಎಡಕ್ಕೂ ಬಲಕ್ಕೂ ತುಸುತುಸುವೇ ಅಲುಗಿಸಬೇಕು. ಇನ್ನೊಬ್ಬರು ಕೈ ತಾಗಿಸದೆ ಕೆಳಗಿನ ಕೀಲುಗಳನ್ನು ಗಮನಿಸಬೇಕು. ಅಚ್ಚು ಪಕ್ಕಕ್ಕೆ ಸರಿಯದಂತೆ ಅದನ್ನು ಚಾಸಿಗೆ ಬಿಗಿದಿರುವ ಅಡ್ಡ ಸಲಾಕೆಯೇ ‘ಟ್ರ್ಯಾಕ್ ಬಾರ್’. ಅನೇಕ ವೇಳೆ ತಪ್ಪಿತಸ್ಥನು ಇದೇ. ಅದರ ತುದಿಯ ಬೋಲ್ಟು ತೂತಿನಲ್ಲಿ ಸರಿದಾಡಿದರೆ ಅಥವಾ ಬುಷ್ ಹರಿದಿದ್ದರೆ ರೋಗದ ಮೂಲ ಸಿಕ್ಕಿತೆಂದೇ ತಿಳಿಯಬಹುದು.

ಬಳಿಕ ಎಂಜಿನ್ ಆರಿಸಿ, ಮುಂಭಾಗವನ್ನು ಜಾಕಿನಿಂದ ಎತ್ತಿ, ಭದ್ರವಾದ ಸ್ಟ್ಯಾಂಡಿನ ಮೇಲೆ ನಿಲ್ಲಿಸಬೇಕು. ಬರಿಯ ಜಾಕನ್ನು ನಂಬಿ ಕೆಳಗೆ ನುಗ್ಗುವುದು ಪ್ರಾಣಾಪಾಯ. ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲುಗಿಸಿದಾಗ ಆಟ ಕಂಡರೆ ಬಾಲ್ ಜಾಯಿಂಟ್ ಅಥವಾ ಬೇರಿಂಗ್ ಸವೆದಿರಬಹುದು. ಎರಡು ಪಕ್ಕಗಳಲ್ಲಿ ಹಿಡಿದಾಗ ಮಾತ್ರ ಅಲುಗಿದರೆ ಟೈ ರಾಡ್ ತುದಿಗಳ ಮೇಲೆ ಸಂಶಯ.

ಸವೆದುದನ್ನು ಬದಲಿಸಿ, ತಯಾರಕರು ಹೇಳಿದ ಅಳತೆಗೆ ಟಾರ್ಕ್ ರೆಂಚಿನಿಂದ ಬೋಲ್ಟು ಬಿಗಿಯಿಸಿ, ವ್ಹೀಲ್ ಅಲೈನ್‌ಮೆಂಟ್ ಮಾಡಿಸಿದರೆ ಚಿಕಿತ್ಸೆ ಪೂರ್ಣ. ಅಂದಕ್ಕಾಗಿ ವಾಹನವನ್ನು ಎತ್ತರಿಸಿದವರು ಸಲಾಕೆಗಳ ಕೋನವನ್ನೂ ಪರೀಕ್ಷಿಸಿಕೊಳ್ಳಬೇಕು. ಡ್ಯಾಂಪರಿನ ಸರದಿ ಕೊನೆಯದು.

ದಾರಿಯಲ್ಲಿ ನಡುಕ ಬಂದರೆ?

ಗಾಬರಿಯಿಂದ ಬ್ರೇಕನ್ನು ಗಟ್ಟಿಯಾಗಿ ತುಳಿಯಬಾರದು. ಸ್ಟಿಯರಿಂಗನ್ನು ದೃಢವಾಗಿ ಹಿಡಿದು, ಆಕ್ಸಿಲರೇಟರಿನಿಂದ ಕಾಲು ತೆಗೆದು, ವೇಗ ತಾನಾಗಿ ಇಳಿಯುವಂತೆ ಬಿಟ್ಟು, ರಸ್ತೆಯ ಅಂಚಿಗೆ ಬಂದು ನಿಲ್ಲಬೇಕು. ನಡುಕ ಯಾವ ವೇಗದಲ್ಲಿ, ಎಂಥ ರಸ್ತೆಯಲ್ಲಿ ಆರಂಭವಾಯಿತೆಂಬುದನ್ನು ಬರೆದಿಟ್ಟುಕೊಂಡರೆ ಮೆಕ್ಯಾನಿಕ್ಕಿಗೆ ಅರ್ಧ ಕೆಲಸ ಮಾಡಿಕೊಟ್ಟಂತೆ. ಅಲ್ಲಿಯವರೆಗೆ ಆ ಟ್ರಕ್ಕಿನಲ್ಲಿ ಮಕ್ಕಳನ್ನು ಕೂರಿಸದಿರುವುದೇ ಲೇಸು.