ಎರಡನೇ ಸಾಲಿಗೆ ಕಾಯುವ ಕಾವ್ಯ

ಕನ್ನಡ ಬೈಬಲಿನಲ್ಲಿ ‘ಕೀರ್ತನೆಗಳು’ ಎಂಬ ಪುಸ್ತಕವಿದೆ. ಹೀಬ್ರೂವಿನಲ್ಲಿ ಅದರ ಹೆಸರು ‘ತೆಹಿಲ್ಲೀಮ್’, ಅಂದರೆ ಸ್ತುತಿಗಳು. ಹೆಸರು ನಂಬಿ ಒಳಹೊಕ್ಕವರಿಗೆ ಮೂರನೇ ಹಾಡಿಗೇ ದೂರು ಎದುರಾಗುತ್ತದೆ. ಕಾಯಿಲೆ ಬಿದ್ದವನು, ಸುಳ್ಳು ಆಪಾದನೆಗೆ ಸಿಕ್ಕವನು, ನೆಂಟರಿಷ್ಟರು ಕೈಬಿಟ್ಟವನು, ಹೀಗೆ ಒಬ್ಬರಾದ ಮೇಲೊಬ್ಬರು ಬಂದು ದೇವರನ್ನೇ ತರಾಟೆಗೆ ತೆಗೆದುಕೊಳ್ಳುತ್ತಾರೆ. 150 ಹಾಡುಗಳನ್ನು ಬಗೆಬಗೆಯಾಗಿ ವಿಂಗಡಿಸಿದರೆ ದೊಡ್ಡ ರಾಶಿ ಅಳಲಿನ ಹಾಡುಗಳದೇ. ಆದರೆ ಕೊನೆಯ ಐದು ಹಾಡುಗಳು ‘ಹಲ್ಲೆಲೂಯಾ’ (ದೇವರನ್ನು ಸ್ತುತಿಸಿರಿ) ಎಂದೇ ಶುರುವಾಗಿ ‘ಹಲ್ಲೆಲೂಯಾ’ ಎಂದೇ ಮುಗಿಯುತ್ತವೆ. ದೂರಿನಿಂದ ಸ್ತುತಿಗೆ ಹೋಗುವ ಈ ದಾರಿಯ ಗುಟ್ಟು ಆ ಕಾವ್ಯದ ಒಂದೊಂದು ಸಾಲಿನ ಕಟ್ಟಿನಲ್ಲೂ ಇದೆ.

ಅರ್ಥಕ್ಕೆ ಅರ್ಥವೇ ಪ್ರಾಸ

ಹಳೆಯ ಹೀಬ್ರೂ ಕವಿಗೆ ನಮ್ಮ ಆದಿಪ್ರಾಸದಂಥ ನಿಯಮವಿರಲಿಲ್ಲ, ಮಾತ್ರೆ ಎಣಿಸುವ ಗಣವೂ ಇರಲಿಲ್ಲ. ಅವನು ಒಂದು ಮಾತು ಹೇಳಿ, ಅದರ ಬೆನ್ನಿಗೆ ಅದರ ಜೊತೆಗಾರ ಮಾತನ್ನು ನಿಲ್ಲಿಸುತ್ತಿದ್ದ. 1741ರಲ್ಲಿ ಆಕ್ಸ್‌ಫರ್ಡಿನ ಕಾವ್ಯ ಪ್ರಾಧ್ಯಾಪಕನಾದ ರಾಬರ್ಟ್ ಲೌತ್ ಲ್ಯಾಟಿನ್ನಿನಲ್ಲಿ ಕೊಟ್ಟ ಉಪನ್ಯಾಸಗಳು 1753ರಲ್ಲಿ ಪುಸ್ತಕವಾದವು. ಈ ಜೋಡಿಸಾಲಿನ ಕಟ್ಟಿಗೆ ‘ಸಮಾಂತರತೆ’ ಎಂಬ ಹೆಸರು ನಿಂತದ್ದು ಆತನಿಂದ. ಎರಡನೇ ಸಾಲು ಮೊದಲಿನದನ್ನೇ ಬೇರೆ ಮಾತಲ್ಲಿ ಹೇಳುವುದು, ಅದಕ್ಕೆ ಎದುರಾದುದನ್ನು ಹೇಳುವುದು, ಅದನ್ನು ಮುಂದಕ್ಕೆ ಬೆಳೆಸುವುದು ಎಂದು ಆತ ಮೂರು ಬಗೆ ಮಾಡಿದ.

ಎರಡು ಶತಮಾನ ಈ ವಿಂಗಡಣೆಯೇ ನಡೆಯಿತು. 1981ರಲ್ಲಿ ಜೇಮ್ಸ್ ಕೂಗೆಲ್, 1985ರಲ್ಲಿ ರಾಬರ್ಟ್ ಆಲ್ಟರ್ ಎಂಬ ವಿದ್ವಾಂಸರು ಅದನ್ನು ಅಲುಗಾಡಿಸಿದರು. ಎರಡನೇ ಸಾಲು ಬರೀ ಪುನರುಕ್ತಿಯಲ್ಲ, ಅದು ಮೊದಲ ಸಾಲನ್ನು ಮಸೆದು ಹರಿತ ಮಾಡುತ್ತದೆ ಎಂಬುದು ಅವರ ವಾದ. ಆ ಅಚ್ಚಿನಲ್ಲಿ ನಾವೇ ಒಂದು ಜೋಡಿ ಕಟ್ಟಿ ನೋಡಬಹುದು:

ಮಳೆ ನಾಡಿಗೆ ಬಂತು,
ನನ್ನ ಹೊಲದ ಬಿರುಕಿಗೆ ಹನಿ.

ನಾಡು ಹೋಗಿ ಹೊಲ ಬಂತು, ಹೊಲದಲ್ಲೂ ಒಂದು ಬಿರುಕು. ಮಳೆ ಒಂದು ಹನಿಗೆ ಇಳಿಯಿತು. ‘ಬಂತು’ ಎಂಬ ಕ್ರಿಯಾಪದವನ್ನು ಎರಡನೇ ಸಾಲು ಮೊದಲಿನದರಿಂದ ಸಾಲ ಪಡೆದಿದೆ. ಹೀಬ್ರೂ ಕವಿಗಳು ಮತ್ತೆ ಮತ್ತೆ ಮಾಡಿದ್ದು ಇದನ್ನೇ. ಕ್ರಿಯಾಪದ ಬಿಟ್ಟು ಉಳಿಸಿದ ಜಾಗದಲ್ಲಿ ಅವರು ಒಂದು ಹೊಸ ಚಿತ್ರ ತುಂಬುತ್ತಿದ್ದರು.

ಜೋಡಿ ಪದಗಳ ಈ ಬಂಡವಾಳ ಹೀಬ್ರೂಗಿಂತ ಹಳೆಯದು. 1928ರಲ್ಲಿ ಸಿರಿಯಾದ ಕರಾವಳಿಯಲ್ಲಿ ರೈತನೊಬ್ಬನ ನೇಗಿಲಿಗೆ ಗೋರಿಯ ಕಲ್ಲು ತಗುಲಿತು. ಮರುವರ್ಷ ಶುರುವಾದ ಅಗೆತದಲ್ಲಿ, ಕ್ರಿ.ಪೂ. 1200ರ ಸುಮಾರಿಗೆ ಹಾಳಾಗಿದ್ದ ಉಗಾರಿತ್ ನಗರವೂ ಅದರ ಮಣ್ಣಿನ ಹಲಗೆಗಳೂ ಸಿಕ್ಕವು. ಆ ಹಲಗೆಗಳಲ್ಲಿದ್ದ ಬಾಳ್ ದೇವನ ಕಥನಕಾವ್ಯಗಳಲ್ಲೂ ಅದೇ ಜೋಡಿಸಾಲು. ಮೊದಲಲ್ಲಿ ತಲೆ ಬಂದರೆ ಮುಂದಿನದರಲ್ಲಿ ನೆತ್ತಿ, ಒಂದರಲ್ಲಿ ಸಾವಿರವಿದ್ದರೆ ಇನ್ನೊಂದರಲ್ಲಿ ಹತ್ತು ಸಾವಿರ. ದೇವರು ಬೇರೆ, ಹಾಡಿನ ಮಟ್ಟು ಒಂದೇ.

ದಾಟಿ ಬಂದದ್ದು, ದಾಟದೆ ಉಳಿದದ್ದು

ನಾದದ ಪ್ರಾಸ ಭಾಷೆಯ ಗಡಿ ದಾಟುವಾಗ ಉದುರಿಹೋಗುತ್ತದೆ, ಅರ್ಥದ ಜೋಡಿ ಉದುರುವುದಿಲ್ಲ. ಅನುವಾದದಲ್ಲಿ, ಅದೂ ಗದ್ಯದಲ್ಲಿ ಓದಿದರೂ ಕೀರ್ತನೆಗಳು ಹಾಡಿನಂತೆ ಕೇಳಿಸುವುದು ಅದರಿಂದಲೇ.

ದಾಟದೆ ಉಳಿದದ್ದೂ ಉಂಟು. 119ನೇ ಕೀರ್ತನೆಗೆ 176 ವಚನಗಳು. ಹೀಬ್ರೂವಿನ 22 ಅಕ್ಷರಗಳಲ್ಲಿ ಒಂದೊಂದಕ್ಕೂ ಎಂಟು, ಎಂಟೂ ಅದೇ ಅಕ್ಷರದಿಂದ ಆರಂಭ. ಕ್ರಿ.ಪೂ. ಆರನೇ ಶತಮಾನದಲ್ಲಿ ಬ್ಯಾಬಿಲೋನಿನವರು ಯೆರೂಸಲೇಮನ್ನು ಸುಟ್ಟ ದುಃಖವನ್ನು ಹಾಡುವ, ಬೈಬಲಿನದೇ ಆದ ‘ಪ್ರಲಾಪಗಳು’ ಪುಸ್ತಕದ ಮೊದಲ ನಾಲ್ಕು ಅಧ್ಯಾಯಗಳೂ ಅಕ್ಷರಮಾಲೆಯ ಕ್ರಮದಲ್ಲಿವೆ. ಐದನೆಯದರಲ್ಲಿ ವಚನಗಳು 22 ಉಂಟು, ಅಕ್ಷರಕ್ರಮ ಮಾತ್ರ ಇಲ್ಲ. ಅಳುವಿಗೆ ಹಾಕಿದ್ದ ಕಟ್ಟೆ ಅಲ್ಲಿ ಒಡೆದಂತಿದೆ. ಅನುವಾದ ಓದುವವರಿಗೆ ಕಟ್ಟೆಯೂ ಕಾಣದು, ಒಡೆದದ್ದೂ ಕಾಣದು.

ಕೆಲವು ಪದಗಳದೂ ಇದೇ ಪಾಡು. ‘ನೆಫೆಷ್’ ಎಂದರೆ ಗಂಟಲು, ಉಸಿರು, ಪ್ರಾಣ ಎಲ್ಲವೂ. ಅನುವಾದಗಳಲ್ಲಿ ಅದು ಹೆಚ್ಚಾಗಿ ‘ಆತ್ಮ’ವಾಗಿ ಬರುತ್ತದೆ. ಆದರೆ 69ನೇ ಕೀರ್ತನೆಯಲ್ಲಿ ಮುಳುಗುತ್ತಿರುವವನ ನೆಫೆಷ್‌ವರೆಗೆ ನೀರು ಏರಿದೆ. ಅಲ್ಲಿ ಅದು ಕುತ್ತಿಗೆ. ಬಾಯಾರಿದ ಜಿಂಕೆಯ ಚಿತ್ರವಿರುವ 42ನೇ ಕೀರ್ತನೆಯಲ್ಲಿ ಒಣಗಿದ ಗಂಟಲೂ ದೇವರಿಗಾಗಿ ಹಂಬಲಿಸುವ ಜೀವವೂ ಒಂದೇ ಪದದಲ್ಲಿ ಕೂಡಿಕೊಂಡಿವೆ. ಈ ಕವಿಗಳಿಗೆ ಭಕ್ತಿ ಮೈಯೊಳಗಿನ ಸಂಗತಿ. ಎಲುಬು, ನಾಲಗೆ, ಕಣ್ಣೀರು ನೆನೆಸಿದ ಹಾಸಿಗೆ ಇಲ್ಲದೆ ಅವರ ಪ್ರಾರ್ಥನೆ ಇಲ್ಲ.

ತಿರುವು ಬಾರದ ಹಾಡು

ಅಳಲಿನ ಹಾಡಿಗೊಂದು ನಡೆಯಿದೆ. 13ನೇ ಕೀರ್ತನೆಗೆ ಆರೇ ವಚನ. ಮೊದಲೆರಡರಲ್ಲಿ ‘ಇನ್ನೂ ಎಷ್ಟು ದಿನ’ ಎಂಬ ತಕರಾರು ನಾಲ್ಕು ಸಲ, ನಡುವಿನೆರಡರಲ್ಲಿ ಬೇಡಿಕೆ, ಕೊನೆಯೆರಡರಲ್ಲಿ ನಂಬಿಕೆ, ಹಾಡು. ನಡುವೆ ಏನಾಯಿತು, ಕಾಯಿಲೆ ವಾಸಿಯಾಯಿತೇ, ವೈರಿ ಹೋದನೇ, ಕವಿ ಹೇಳುವುದಿಲ್ಲ. ಮೊದಲ ಸಾಲಿಗೆ ಎರಡನೆಯದು ಬಂದೇ ಬರುತ್ತದೆ ಎಂಬ ಸಾಲಿನ ಕಟ್ಟೇ ಇಡೀ ಹಾಡಿನ ಕಟ್ಟೂ ಆಗಿದೆ.

88ನೇ ಕೀರ್ತನೆ ಆ ಭರವಸೆಯನ್ನು ಮುರಿಯುತ್ತದೆ. ಅದರಲ್ಲಿ ಒಬ್ಬ ಹಗಲೂ ರಾತ್ರಿಯೂ ಕೂಗುತ್ತಾನೆ. ಗೆಳೆಯರು ದೂರವಾಗಿದ್ದಾರೆ. ಸತ್ತವರು ಎದ್ದು ನಿನ್ನನ್ನು ಹೊಗಳುತ್ತಾರೆಯೇ ಎಂದು ದೇವರನ್ನು ಕೆಣಕುತ್ತಾನೆ. ಉತ್ತರವಿಲ್ಲ, ತಿರುವಿಲ್ಲ. ಮೂಲದಲ್ಲಿ ಹಾಡಿನ ಕಟ್ಟಕಡೆಯ ಪದ ‘ಕತ್ತಲು’. ಸಂಕಲಿಸಿದವರು ಸಮಾಧಾನದ ಒಂದು ಸಾಲು ಸೇರಿಸಿ ಮುಗಿಸಬಹುದಿತ್ತು, ಸೇರಿಸಲಿಲ್ಲ. ‘ಸ್ತುತಿಗಳು’ ಎಂದು ಹೆಸರಿಟ್ಟ ಪುಸ್ತಕದೊಳಗೆ ಅದನ್ನೂ ಹಾಗೆಯೇ ಇಟ್ಟರು. ಕೂಗಿದವನು ಕೊನೆಯವರೆಗೂ ಕೂಗಿದ್ದು ದೇವರನ್ನೇ ಅಲ್ಲವೇ!