ಐಎಸ್‌ಒ ಏರಿಸಿದರೆ ಫೋಟೊ ಕೆಡುತ್ತದೆಯೇ?

‘ಐಎಸ್‌ಒ 100 ದಾಟಿಸಬೇಡ, ಚಿತ್ರದ ತುಂಬ ಕಾಳುಕಾಳು ಬರುತ್ತದೆ’ ಎಂಬ ಬುದ್ಧಿಮಾತು ಹೊಸದಾಗಿ ಕ್ಯಾಮೆರಾ ಹಿಡಿದವರನ್ನು ವರ್ಷಗಟ್ಟಲೆ ಕಾಡುತ್ತದೆ. ಫಿಲ್ಮ್ ಕಾಲದಲ್ಲಿ ಅದು ನಿಜವೇ ಆಗಿತ್ತು. ಹೆಚ್ಚು ವೇಗದ ಫಿಲ್ಮಿನಲ್ಲಿ ಬೆಳ್ಳಿಯ ಲವಣದ ಹರಳುಗಳು ದಪ್ಪ. ಅದರ ಗುರುತೇ ಪ್ರಿಂಟಿನಲ್ಲಿ ಕಾಳಾಗಿ ಕಾಣುತ್ತಿತ್ತು. ಡಿಜಿಟಲ್ ಸೆನ್ಸರಿನ ಲೆಕ್ಕ ಬೇರೆ. ಐಎಸ್‌ಒ ಎಷ್ಟೇ ಇಟ್ಟರೂ ಸೆನ್ಸರ್ ಹಿಡಿಯುವ ಬೆಳಕು ಅಷ್ಟೇ. ಅದನ್ನು ತೀರ್ಮಾನಿಸುವುದು ಶಟರ್ ಮತ್ತು ಅಪರ್ಚರ್. ಸಿಕ್ಕಿದ್ದನ್ನು ಎಷ್ಟು ಹಿಗ್ಗಿಸಿ ತೋರಿಸಬೇಕು ಎನ್ನುವುದಷ್ಟೇ ಐಎಸ್‌ಒ ಕೆಲಸ.

ಹಾಗಾದರೆ ಕಾಳು ಎಲ್ಲಿಂದ ಬಂತು? ಬಹುಪಾಲು ಬೆಳಕಿನಿಂದಲೇ. ಬೆಳಕಿನ ಕಣಗಳು ಸೆನ್ಸರಿನ ಮೇಲೆ ಸಮನಾಗಿ ಬೀಳುವುದಿಲ್ಲ. ಒಂದು ಪಿಕ್ಸೆಲ್ಲಿಗೆ 10,000 ಫೋಟಾನ್ ಬೀಳುವಲ್ಲಿ ಏರಿಳಿತ ಸುಮಾರು 100, ಅಂದರೆ ಶೇ 1. ಬರೀ 100 ಬೀಳುವಲ್ಲಿ ಏರಿಳಿತ 10, ಅಂದರೆ ಶೇ 10. ಕಣ್ಣಿಗೆ ಹೊಡೆಯುವುದು ಈ ಶೇ 10. ‘ಏರಿಸಿದಾಗಲೆಲ್ಲ ಕಾಳು ಹೆಚ್ಚುವುದನ್ನು ಕಣ್ಣಾರೆ ಕಂಡಿದ್ದೇವಲ್ಲ’ ಎನ್ನಬಹುದು. ಆಟೊ ಮೋಡಿನಲ್ಲಿ ಐಎಸ್‌ಒ ಏರಿದ ಕೂಡಲೇ ಕ್ಯಾಮೆರಾ ಶಟರ್ ಸಮಯ ಇಳಿಸುತ್ತದೆ, ಇಲ್ಲವೇ ಅಪರ್ಚರ್ ಕಿರಿದು ಮಾಡುತ್ತದೆ. ಬೆಳಕು ಕಡಿಮೆಯಾದದ್ದು ಅಲ್ಲಿ. ಮ್ಯಾನ್ಯುಯಲ್ ಮೋಡಿನಲ್ಲಿ ಶಟರ್, ಅಪರ್ಚರ್ ಎರಡನ್ನೂ ಕದಲಿಸದೆ, ಮಬ್ಬು ಬೆಳಕಿನಲ್ಲಿ ಐಎಸ್‌ಒ 200ರಲ್ಲಿ ಒಂದು, 3200ರಲ್ಲಿ ಒಂದು ರಾ ಫೈಲ್ ತೆಗೆಯಿರಿ. ಮೊದಲನೆಯದನ್ನು ಕಂಪ್ಯೂಟರಿನಲ್ಲಿ ನಾಲ್ಕು ಸ್ಟಾಪ್ (ಪ್ರತಿ ಸ್ಟಾಪಿಗೂ ಇಮ್ಮಡಿ) ಬೆಳಗಿಸಿ ಎರಡರ ನೆರಳಿನ ಭಾಗಗಳನ್ನು ಹೋಲಿಸಿ. ಕೆಲವು ಕ್ಯಾಮೆರಾಗಳಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ. ಹಲವುಗಳಲ್ಲಿ ‘ಸುರಕ್ಷಿತ’ 200ರ ಚಿತ್ರವೇ ಹೆಚ್ಚು ಕೆಟ್ಟಿರುತ್ತದೆ, ಏಕೆಂದರೆ ಕಂಪ್ಯೂಟರಿನಲ್ಲಿ ಬೆಳಗಿಸುವಾಗ ಸರ್ಕ್ಯೂಟಿನ ಸ್ವಂತ ಗದ್ದಲವೂ ಜೊತೆಗೆ ಹಿಗ್ಗುತ್ತದೆ.

ಐಎಸ್‌ಒ ಏರಿಸುವ ಈ ಭಯಕ್ಕೆ ಬೆಲೆ ತೆರುವುದು ಯಕ್ಷಗಾನದ ರಂಗಸ್ಥಳದಂಥ ಕಡೆ. ವೇಷಧಾರಿ ಧಿಗಿಣ ಹೊಡೆಯುವಾಗ ಐಎಸ್‌ಒ 400, ಶಟರ್ 1/30 ಸೆಕೆಂಡ್ ಇಟ್ಟರೆ ಮುಖವರ್ಣಿಕೆ ಕಲಸಿಹೋಗುತ್ತದೆ. 3200ಕ್ಕೆ ಏರಿಸಿದರೆ ಅದೇ ಹೊಳಪಿಗೆ 1/250 ಸಿಗುತ್ತದೆ. ಕಾಳು ಬರುತ್ತದೆ, ನಿಜ. ಆದರೆ ಕಾಳನ್ನು ಸಾಫ್ಟ್‌ವೇರ್ ತಗ್ಗಿಸಬಲ್ಲದು. ಅಲುಗಿ ಅಳಿಸಿಹೋದ ಕಣ್ಣಂಚಿನ ಗೆರೆಯನ್ನು ಮರಳಿ ತರುವುದು ಅದರ ಕೈಯಲ್ಲಿಲ್ಲ.

ಹಾಗೆಂದು 100ಕ್ಕೆ ಅರ್ಥವಿಲ್ಲವೆಂದಲ್ಲ. ಟ್ರೈಪಾಡ್ ಮೇಲೆ ನಿಶ್ಚಲ ಬೆಟ್ಟಸಾಲು ತೆಗೆಯುವಾಗ ಅದೇ ಸರಿ, ದೀರ್ಘ ಶಟರಿನಿಂದ ಬೇಕಾದಷ್ಟು ಬೆಳಕು ತುಂಬಿಕೊಳ್ಳಬಹುದು. ಐಎಸ್‌ಒ ಅತಿಯಾದರೆ ಇನ್ನೊಂದು ನಷ್ಟವೂ ಉಂಟು: ಪ್ರತಿ ಸ್ಟಾಪ್ ಏರಿಕೆಗೂ ಅತಿ ಬೆಳಗಿದ ಭಾಗಗಳ ವಿವರ ಬೇಗ ಬಿಳಿಚುತ್ತದೆ. ಆದ್ದರಿಂದ ಚಲನೆಗೆ ತಕ್ಕ ಶಟರ್, ಬೇಕಾದ ಅಪರ್ಚರ್ ಮೊದಲು. ಕೊನೆಗೆ, ವೇಷಧಾರಿಯ ಕಿರೀಟದ ಹೊಳಪು ಬಿಳಿಚದಷ್ಟು ಐಎಸ್‌ಒ.