ಉಡುಪೂ ಅಳತೆಯೂ

ಓದುಗರಲ್ಲಿ ಅನೇಕರಿಗೆ ಈ ಅನುಭವ ಆಗಿರಬೇಕು. ಬಣ್ಣವೂ ಬೆಲೆಯೂ ಮನಸ್ಸಿಗೆ ಒಪ್ಪಿದ ಒಂದು ಕುರ್ತಾವನ್ನು ಅಂಗಡಿಯಲ್ಲಿ ತೊಟ್ಟು ಕನ್ನಡಿಯ ಮುಂದೆ ನಿಲ್ಲುತ್ತೇವೆ. ಎದೆಯ ಸುತ್ತಳತೆ ಸರಿಯಾಗಿಯೇ ಇದೆ. ಆದರೆ ಹೆಗಲಿನ ಹೊಲಿಗೆ ತೋಳಿನ ಮೇಲೆ ಜಾರಿದೆ. ತೋಳು ಬೆರಳುಗಳನ್ನು ಮುಚ್ಚಿದೆ. ಸೊಂಟಕ್ಕೆಂದು ಕಿರಿದುಮಾಡಿದ ಭಾಗ ಸೊಂಟದಿಂದ ಕೆಳಗೆ ಇಳಿದು ಅಲ್ಲಿ ಬಿಗಿಯುತ್ತಿದೆ. ಇದಕ್ಕಿಂತ ಚಿಕ್ಕದನ್ನು ಕೇಳಿ ತೊಟ್ಟರೆ ಎದೆಯೇ ಬಿಗಿಯಾಗುತ್ತದೆ, ತೋಳು ಮಾತ್ರ ಹೆಚ್ಚುಕಡಿಮೆ ಅಷ್ಟೇ ಉದ್ದ. ಎತ್ತರ ಕಡಿಮೆಯಿರುವವರಿಗೆ ಇದು ನಿತ್ಯದ ಪಾಡು.

ಇದು ಕೇವಲ ಅಂದಚಂದದ ಪ್ರಶ್ನೆಯೆಂದು ನಾನೂ ಭಾವಿಸಿದ್ದೆ. ಒಮ್ಮೆ ನಮ್ಮ ಪ್ರಯೋಗಶಾಲೆಯಲ್ಲಿ ಹಬೆಯ ಗುಪ್ತೋಷ್ಣವನ್ನು ಅಳೆಯುತ್ತಿದ್ದಾಗ, ಒಬ್ಬ ವಿದ್ಯಾರ್ಥಿನಿಯ ಕೋಟಿನ ತೋಳು ಎರಡು ಮಡಿಕೆಗಳಿಂದ ಬಿಚ್ಚಿಕೊಂಡು ಬರ್ನರಿನ ಜ್ವಾಲೆಗೆ ತಗುಲಿತು. ಬಟ್ಟೆಯ ಅಂಚು ಸುಟ್ಟಿತೇ ಹೊರತು ಪುಣ್ಯವಶಾತ್ ಕೈಗೆ ಏನೂ ಆಗಲಿಲ್ಲ. ಆಕೆ ತಲೆ ತಗ್ಗಿಸಿ, "ನಾನು ಕುಳ್ಳಿ ಸಾರ್, ಯಾವ ಕೋಟೂ ನನಗೆ ಸರಿಹೋಗುವುದಿಲ್ಲ" ಎಂದಳು. ಕೋಟಿನ ದೋಷವನ್ನು ಆಕೆ ತನ್ನ ಮೈಯ ದೋಷವೆಂದು ಒಪ್ಪಿಕೊಂಡಿದ್ದಳು. ಆ ಒಪ್ಪಿಗೆ ಸರಿಯೇ ಎಂಬುದನ್ನು ವಿಚಾರಮಾಡುವುದೇ ಈ ಲೇಖನದ ಉದ್ದೇಶ.

ದರ್ಜಿಯಿಂದ ಕಾರ್ಖಾನೆಗೆ

ಸೀರೆಗೂ ಪಂಚೆಗೂ ಈ ತೊಡಕಿಲ್ಲ. ಎತ್ತರ ಕಡಿಮೆಯಿದ್ದವರು ಸೊಂಟದಲ್ಲಿ ಸ್ವಲ್ಪ ಹೆಚ್ಚಾಗಿ ಸಿಕ್ಕಿಸುತ್ತಾರೆ. ಮೈ ತೆಳುವಾಗಿದ್ದವರು ಒಂದೆರಡು ನೆರಿಗೆ ಹೆಚ್ಚು ಹಿಡಿಯುತ್ತಾರೆ. ಎತ್ತರವನ್ನೂ ಸುತ್ತಳತೆಯನ್ನೂ ಬೇರೆಬೇರೆಯಾಗಿ ಹೊಂದಿಸಿಕೊಳ್ಳುವ ಅವಕಾಶ ಅಲ್ಲಿ ಉಂಟು. ರವಿಕೆಗೆ ಹೊಲಿಗೆ ಬೇಕು. ಆದುದರಿಂದಲೇ ನಮ್ಮ ಮನೆಗಳಲ್ಲಿ ದರ್ಜಿಗೆ ಬಟ್ಟೆಯ ಜೊತೆಗೆ ಅಳತೆ ರವಿಕೆಯನ್ನೂ ಕೊಟ್ಟು ಕಳುಹಿಸುವ ರೂಢಿ ಬಂದಿತು. ಒಬ್ಬರ ಮೈಗೆ ಒಂದು ಉಡುಪು ಎಂಬುದೇ ದರ್ಜಿಯ ನಿಯಮ.

ಕಾರ್ಖಾನೆಯ ನಿಯಮ ಬೇರೆ. ಅಲ್ಲಿ ಮೊದಲು ಒಂದು ಮಧ್ಯಮ ಅಳತೆಯ ಮೈಯನ್ನು ಕಲ್ಪಿಸಿಕೊಂಡು, ಅದಕ್ಕೆ ಸರಿಹೊಂದುವ ಮೂಲಮಾದರಿಯನ್ನು ಕಾಗದದ ಮೇಲೋ ಗಣಕಯಂತ್ರದಲ್ಲೋ ರಚಿಸುತ್ತಾರೆ. ಅನಂತರ ಆ ಮಾದರಿಯನ್ನು ಗೊತ್ತಾದ ಕ್ರಮದಲ್ಲಿ ಹಿಗ್ಗಿಸಿ ದೊಡ್ಡ ಅಳತೆಗಳನ್ನೂ, ಕುಗ್ಗಿಸಿ ಚಿಕ್ಕ ಅಳತೆಗಳನ್ನೂ ಪಡೆಯುತ್ತಾರೆ. ಹೀಗೆ ಮಾಡುವಾಗ ಮುಖ್ಯವಾಗಿ ಬದಲಾಗುವುದು ಸುತ್ತಳತೆ. ಉದ್ದದ ಅಳತೆಗಳು ಬದಲಾಗುವುದು ಅತ್ಯಲ್ಪ. ಆದುದರಿಂದ ಅಂಗಡಿಯ ಭಾಷೆಯಲ್ಲಿ "ಸ್ಮಾಲ್" ಎಂದರೆ ತೆಳ್ಳಗಿನ ಮೈ ಎಂದು ಅರ್ಥವೇ ಹೊರತು ಎತ್ತರ ಕಡಿಮೆಯಿರುವ ಮೈ ಎಂದಲ್ಲ. ಎತ್ತರ 150 ಸೆಂಟಿಮೀಟರು, ಎದೆಸುತ್ತು 92 ಸೆಂಟಿಮೀಟರು ಇರುವವರು ಎಷ್ಟೋ ಮಂದಿ ಇದ್ದಾರೆ. ಅವರಿಗೆ ಈ ಕ್ರಮದಲ್ಲಿ ಸ್ಥಾನವೇ ಇಲ್ಲ.

ಕೆಳಗಿನ ಅಂಚನ್ನು ಕತ್ತರಿಸಿದರೆ ಸಾಲದೆ?

ಉದ್ದವಾದದ್ದನ್ನು ಕತ್ತರಿಸಿ ಮಡಿಚಿ ಹೊಲಿದರೆ ಆಯಿತಲ್ಲ ಎಂದು ಕೆಲವರು ಕೇಳಬಹುದು. ಒಂದು ಸರಳವಾದ ಲೆಕ್ಕ ಮಾಡಿ ನೋಡೋಣ. ಒಂದು ಷರಾಯಿಯನ್ನು 163 ಸೆಂಟಿಮೀಟರು ಎತ್ತರದವರಿಗೆಂದು ಕತ್ತರಿಸಿದೆಯೆನ್ನಿ. ಅವರ ಸೊಂಟ ನೆಲದಿಂದ ಸುಮಾರು 101 ಸೆಂಟಿಮೀಟರು, ಮೊಣಕಾಲು ಸುಮಾರು 44 ಸೆಂಟಿಮೀಟರು ಎತ್ತರದಲ್ಲಿವೆ ಎಂದು ಇಟ್ಟುಕೊಂಡರೆ, ಸೊಂಟದಿಂದ ಮೊಣಕಾಲಿಗೆ 57 ಸೆಂಟಿಮೀಟರು. ಇದನ್ನು 150 ಸೆಂಟಿಮೀಟರು ಎತ್ತರದವರು ತೊಡುತ್ತಾರೆ. ಎತ್ತರಗಳ ಪ್ರಮಾಣ 0.92. ಮೈಯ ಭಾಗಗಳೆಲ್ಲ ಇದೇ ಪ್ರಮಾಣದಲ್ಲಿ ಕಿರಿದಾಗಿವೆಯೆಂದರೆ ಅವರ ಸೊಂಟದಿಂದ ಮೊಣಕಾಲಿಗೆ ಸುಮಾರು 52.5 ಸೆಂಟಿಮೀಟರು ಮಾತ್ರ. ಪಾದದ ಬಳಿ ಎಷ್ಟು ಕತ್ತರಿಸಿದರೂ ಷರಾಯಿಯ ಮೊಣಕಾಲು ತೊಟ್ಟವರ ಮೊಣಕಾಲಿಗಿಂತ ನಾಲ್ಕೂವರೆ ಸೆಂಟಿಮೀಟರು ಕೆಳಗೇ ಇರುತ್ತದೆ. ಅಂಚಿನಲ್ಲಿ ಮಾಡಿದ ತಿದ್ದುಪಡಿ ನಡುವಿನ ತಪ್ಪನ್ನು ಮುಟ್ಟುವುದಿಲ್ಲ. ತೋಳಿನ ವಿಷಯದಲ್ಲಿಯೂ ಹೀಗೆಯೇ: ತೋಳಿನ ತುದಿಯನ್ನು ಕಿರಿದುಮಾಡಬಹುದು, ಆದರೆ ಕಂಕುಳಿನ ಬಳಿಯ ತೆರಪು ಆಳವಾಗಿದ್ದರೆ ಕೈಯೆತ್ತಿದಾಗ ಇಡೀ ಉಡುಪೇ ಮೇಲಕ್ಕೆ ಏಳುತ್ತದೆ.

ಹಾಗಾದರೆ ಇಡೀ ಮಾದರಿಯನ್ನೇ 0.92ರ ಪ್ರಮಾಣದಲ್ಲಿ ಕುಗ್ಗಿಸಬಾರದೆ? ಅದೂ ಪೂರ್ತಿ ಸರಿಹೋಗದು. ಮೊದಲನೆಯದಾಗಿ, ಎತ್ತರ ಕಡಿಮೆಯಾದ ಮಾತ್ರಕ್ಕೆ ಸುತ್ತಳತೆ ಅದೇ ಪ್ರಮಾಣದಲ್ಲಿ ಕಡಿಮೆಯಾಗುವುದಿಲ್ಲ. ಎರಡನೆಯದಾಗಿ, ಮಾದರಿ ಕುಗ್ಗಿದರೂ ಬಟ್ಟೆಯ ದಪ್ಪವೂ ಬಿಗುವೂ ಕುಗ್ಗುವುದಿಲ್ಲ. ಬಟ್ಟೆ ತನ್ನ ಭಾರದಿಂದಲೇ ಎಷ್ಟು ಬಾಗುತ್ತದೆಂಬುದನ್ನು ಅಳೆಯುವ ಕ್ರಮವನ್ನು ಇಂಗ್ಲೆಂಡಿನ ಪೀರ್ಸ್ ಎಂಬ ವಿಜ್ಞಾನಿ 1930ರಲ್ಲಿ ಪ್ರಕಟಿಸಿದನು. ಮೇಜಿನ ಅಂಚಿನಿಂದ ಹೊರಚಾಚಿದ ಬಟ್ಟೆಯ ಪಟ್ಟಿಯನ್ನು ಊಹಿಸಿಕೊಳ್ಳಿ. ಬಾಗು ಅಲ್ಪವಾಗಿರುವಾಗ ತುದಿಯ ಇಳಿತವು ಉದ್ದದ ನಾಲ್ಕನೆಯ ಘಾತಕ್ಕೆ ಅನುಪಾತವಾಗಿರುತ್ತದೆ; ಉದ್ದದೊಡನೆ ಹೋಲಿಸಿದ ಇಳಿತವು ಮೂರನೆಯ ಘಾತಕ್ಕೆ ಅನುಪಾತವಾಗಿರುತ್ತದೆ. 0.92ರ ಘನ ಸುಮಾರು 0.78. ಅಂದರೆ ಉದ್ದ ನೂರಕ್ಕೆ 8ರಷ್ಟು ಕಡಿಮೆಯಾದಾಗ ಬಾಗು ನೂರಕ್ಕೆ 22ರಷ್ಟು ಕಡಿಮೆಯಾಯಿತು! ಅದೇ ಬಟ್ಟೆ ಚಿಕ್ಕ ಉಡುಪಿನಲ್ಲಿ ಹೆಚ್ಚು ಬಿರುಸಾಗಿ ನಿಂತಂತೆ ಕಾಣುವುದಕ್ಕೆ ಇದೂ ಒಂದು ಕಾರಣ.

ಸರಾಸರಿ ಮನುಷ್ಯನೆಲ್ಲಿ?

ಮೂಲಮಾದರಿಗೆ ಆಧಾರವಾದ "ಸರಾಸರಿ" ಮೈಯಾದರೂ ಯಾರದು? 1950ರಲ್ಲಿ ಅಮೆರಿಕದ ವಾಯುಪಡೆ ತನ್ನ ಸಾವಿರಾರು ವಿಮಾನಚಾಲಕರ ಮೈಯನ್ನು ಅಳೆಯಿಸಿತು. ಗಿಲ್ಬರ್ಟ್ ಡೇನಿಯಲ್ಸ್ ಎಂಬ ತರುಣ ವಿಜ್ಞಾನಿ ಅವರಲ್ಲಿ 4,063 ಮಂದಿಯ ಹತ್ತು ಅಳತೆಗಳನ್ನು ಆರಿಸಿಕೊಂಡು, ಪ್ರತಿಯೊಂದು ಅಳತೆಯಲ್ಲಿಯೂ ನಡುವಿನ ಸುಮಾರು ನೂರಕ್ಕೆ 30 ಮಂದಿಯನ್ನು ಸರಾಸರಿಯವರೆಂದು ಎಣಿಸಿದನು. ಹತ್ತೂ ಅಳತೆಗಳಲ್ಲಿ ಸರಾಸರಿಯಾದವರು ಎಷ್ಟು ಮಂದಿ? 1952ರಲ್ಲಿ ಆತ ಪ್ರಕಟಿಸಿದ ಉತ್ತರ: ಒಬ್ಬನೂ ಇಲ್ಲ.

ಇದರಲ್ಲಿ ಮಾಯೆಯೇನೂ ಇಲ್ಲ. ಅಳತೆಗಳಿಗೆ ಪರಸ್ಪರ ಸಂಬಂಧವೇ ಇಲ್ಲವೆಂದು ಭಾವಿಸಿದರೆ, ಮೂರು ಅಳತೆಗಳಲ್ಲಿ ಸರಾಸರಿಯಾಗುವ ಸಂಭವ 0.3 × 0.3 × 0.3, ಅಂದರೆ 0.027. ಹತ್ತರಲ್ಲಿಯೂ ಆಗುವ ಸಂಭವ ಹತ್ತು ಲಕ್ಷಕ್ಕೆ ಆರು. ನಿಜವಾದ ಮೈಯಲ್ಲಿ ಅಳತೆಗಳಿಗೆ ತಕ್ಕಮಟ್ಟಿನ ಸಂಬಂಧ ಇರುವುದರಿಂದ ಸಂಭವ ಇದಕ್ಕಿಂತ ಹೆಚ್ಚು. ಆದರೂ ನಾಲ್ಕು ಸಾವಿರದಲ್ಲಿ ಒಬ್ಬನನ್ನು ಒದಗಿಸುವಷ್ಟು ಹೆಚ್ಚಾಗಿರಲಿಲ್ಲ.

ಸ್ತ್ರೀಯರ ಉಡುಪಿನ ವಿಷಯದಲ್ಲಿ ದೊಡ್ಡ ಪ್ರಯತ್ನ ಇದಕ್ಕೂ ಮುಂಚೆಯೇ ನಡೆದಿತ್ತು. 1939-40ರಲ್ಲಿ ಅಮೆರಿಕದ ಕೃಷಿ ಇಲಾಖೆಯ ರೂತ್ ಓಬ್ರಿಯನ್ ಮತ್ತು ವಿಲಿಯಂ ಷೆಲ್ಟನ್ ಇವರ ನೇತೃತ್ವದಲ್ಲಿ ಸುಮಾರು 15,000 ಸ್ತ್ರೀಯರ ಅಳತೆಗಳನ್ನು ಸಂಗ್ರಹಿಸಿ, 1941ರಲ್ಲಿ ಪ್ರಕಟಿಸಿದರು. ಆದರೆ ಬಿಳಿಯ ಸ್ತ್ರೀಯರ ಅಳತೆಗಳನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಂಡದ್ದು ಅದರ ದೊಡ್ಡ ಕೊರತೆ. 1958ರಲ್ಲಿ ಹೊರಬಂದ ಪ್ರಮಾಣಪಟ್ಟಿಯಲ್ಲಿ ಎದೆಸುತ್ತಿನ ಸಂಖ್ಯೆಯ ಜೊತೆಗೆ ಎತ್ತರಕ್ಕೆ ಮೂರು ಗುರುತುಗಳನ್ನೂ, ನಿತಂಬದ ಸುತ್ತಿಗೆ ಮೂರು ಗುರುತುಗಳನ್ನೂ ಸೇರಿಸಿದ್ದರು. ಶಾಸ್ತ್ರದೃಷ್ಟಿಯಿಂದ ಇದು ಸರಿಯಾದ ಹೆಜ್ಜೆ. ಆದರೆ ಏಳು ಎದೆಸುತ್ತುಗಳಿದ್ದರೆ ಒಟ್ಟು 7 × 3 × 3, ಅಂದರೆ 63 ಬಗೆಯ ಉಡುಪುಗಳನ್ನು ಅಂಗಡಿಯವನು ಇಟ್ಟುಕೊಳ್ಳಬೇಕಾಯಿತು! ಆ ಪ್ರಮಾಣಪಟ್ಟಿಯನ್ನು 1983ರಲ್ಲಿ ಹಿಂತೆಗೆದುಕೊಂಡರು. ಆಮೇಲೆ ಅಲ್ಲಿ ತಯಾರಕರು ತಮತಮಗೆ ತೋಚಿದ ಅಳತೆಗಳನ್ನು ಇಟ್ಟುಕೊಂಡರು.

ಅಂಗಡಿಯವನ ಲೆಕ್ಕ

ಅಂಗಡಿಯವನ ಕಷ್ಟವನ್ನೂ ನ್ಯಾಯವಾಗಿ ನೋಡಬೇಕು. ಒಂದು ಬಗೆಯ ಕುರ್ತಾ ತಿಂಗಳಿಗೆ ಸರಾಸರಿ 144 ಮಾರಾಟವಾಗುತ್ತದೆ ಎನ್ನೋಣ. ಗಿರಾಕಿಗಳು ಒಬ್ಬರಿಗೊಬ್ಬರು ಸಂಬಂಧವಿಲ್ಲದೆ ಬರುವಾಗ ಈ ಸಂಖ್ಯೆಯ ಏರಿಳಿತ ಸುಮಾರು ಅದರ ವರ್ಗಮೂಲದಷ್ಟು, ಅಂದರೆ 12. ಇದು ನೂರಕ್ಕೆ 8. ಅದೇ ಮಾರಾಟವನ್ನು 16 ಅಳತೆಗಳಿಗೆ ಸಮನಾಗಿ ಹಂಚಿದರೆ ಒಂದೊಂದಕ್ಕೂ ಸರಾಸರಿ 9, ಏರಿಳಿತ 3. ಇದು ನೂರಕ್ಕೆ 33. ಅಳತೆಗಳು ಹೆಚ್ಚಿದಷ್ಟೂ ಒಂದು ಮಿಕ್ಕು ಇನ್ನೊಂದು ಸಾಲದೆ ಹೋಗುವ ಭಯ ಹೆಚ್ಚು. ಆದ್ದರಿಂದ ಅವನು ಅಳತೆಗಳನ್ನು ಕಡಿಮೆಮಾಡಿ, ನಡುವಿನವರನ್ನು ಹಿಡಿದುಕೊಂಡು ಅಂಚಿನವರನ್ನು ಬಿಡುತ್ತಾನೆ.

ಆದರೆ ಬಿಟ್ಟುಹೋದವರು ನಿಜವಾಗಿಯೂ ಅಂಚಿನವರೆ? ಅಮೆರಿಕದಲ್ಲಿ ಎತ್ತರ ಕಡಿಮೆಯಿರುವ ಸ್ತ್ರೀಯರಿಗೆಂದೇ "ಪೆಟೀಟ್" ಎಂಬ ವಿಭಾಗವುಂಟು. ಇದು ತೆಳ್ಳಗಿನ ಮೈಗೆ ಹೇಳಿದ ಮಾತಲ್ಲ. ಸಾಮಾನ್ಯವಾಗಿ 5 ಅಡಿ 4 ಅಂಗುಲ, ಅಂದರೆ ಸುಮಾರು 163 ಸೆಂಟಿಮೀಟರು ಮತ್ತು ಅದಕ್ಕಿಂತ ಕಡಿಮೆ ಎತ್ತರದವರಿಗೆ ಹೆಗಲು, ನಡು, ತೋಳುಗಳನ್ನು ಬೇರೆಯಾಗಿ ಲೆಕ್ಕಹಾಕಿ ಮಾಡಿದ ಉಡುಪು. ಆ ದೇಶದ ಸ್ತ್ರೀಯರ ಸರಾಸರಿ ಎತ್ತರವೇ ಸುಮಾರು 161 ಸೆಂಟಿಮೀಟರು. ಹೀಗೆ ಅರ್ಧಕ್ಕಿಂತ ಹೆಚ್ಚು ಮಂದಿಯನ್ನು "ವಿಶೇಷ"ದವರೆಂದು ಎಣಿಸಿದಂತಾಯಿತು! ಭಾರತೀಯ ಸ್ತ್ರೀಯರ ಸರಾಸರಿ ಎತ್ತರ ಸುಮಾರು 152 ಸೆಂಟಿಮೀಟರು. ಆ ಗೆರೆಯನ್ನು ಇಲ್ಲಿ ಎಳೆದರೆ ನಮ್ಮ ಹೆಣ್ಣುಮಕ್ಕಳಲ್ಲಿ ಬಹುಪಾಲು ಎಲ್ಲರೂ ಅದರ ಕೆಳಗೇ ನಿಲ್ಲುತ್ತಾರೆ.

ನಮ್ಮ ದೇಶದ ಸಿದ್ಧ ಉಡುಪಿನ ತಯಾರಕರು ಬಹುಕಾಲ ಪರದೇಶಗಳ ಅಳತೆಪಟ್ಟಿಗಳನ್ನೇ ಅಲ್ಪಸ್ವಲ್ಪ ತಿದ್ದಿ ಬಳಸಿಕೊಂಡು ಬಂದರು. ಈ ಕೊರತೆಯನ್ನು ನೀಗಲೆಂದೇ ರಾಷ್ಟ್ರೀಯ ಫ್ಯಾಷನ್ ತಂತ್ರಜ್ಞಾನ ಸಂಸ್ಥೆಯು 2018-19ರಲ್ಲಿ "ಇಂಡಿಯಾ ಸೈಜ್" ಎಂಬ ಸಮೀಕ್ಷೆಯನ್ನು ಕೈಗೊಂಡಿತು. ಬೆಂಗಳೂರೂ ಸೇರಿದಂತೆ ಆರು ನಗರಗಳಲ್ಲಿ 15ರಿಂದ 65 ವರ್ಷದೊಳಗಿನ 25,000ಕ್ಕೂ ಹೆಚ್ಚು ಮಂದಿಯ ಮೈಯನ್ನು, ಟೇಪು ಮುಟ್ಟಿಸದೆ ಬೆಳಕಿನ ಸಹಾಯದಿಂದ ಅಳೆಯುವುದು ಅದರ ಯೋಜನೆ.

ಇಂಥ ಪಟ್ಟಿಗಳು ಬಳಕೆಗೆ ಬಂದರೂ ಎಲ್ಲ ಮೈಗಳಿಗೂ ಒಪ್ಪುವ ಉಡುಪು ದೊರೆಯದು. ಒಪ್ಪದವರ ಸಂಖ್ಯೆ ಕಡಿಮೆಯಾದೀತು, ಅಷ್ಟೆ. ಅದುವರೆಗೆ ಒಂದು ಸಲಹೆಯುಂಟು. ಉಡುಪಿನ ಚೀಟಿಯ ಮೇಲಿನ ಅಕ್ಷರವನ್ನು ನಂಬದೆ ಅಳತೆಯನ್ನು ನೋಡಿ. ಮೊದಲು ಹೆಗಲೂ ಕಂಕುಳೂ ಸರಿಯಾಗಿರುವುದನ್ನು ಆರಿಸಿ, ಏಕೆಂದರೆ ಅವನ್ನು ತಿದ್ದುವುದು ಕಷ್ಟ. ಪಕ್ಕದ ಹೊಲಿಗೆಯನ್ನೂ ಕೆಳಗಿನ ಅಂಚನ್ನೂ ಹತ್ತಿರದ ದರ್ಜಿಯೇ ಸರಿಪಡಿಸಬಲ್ಲನು.

ನಮ್ಮ ಪ್ರಯೋಗಶಾಲೆಯ ವಿದ್ಯಾರ್ಥಿನಿ ತನ್ನ ಕೋಟನ್ನು ದರ್ಜಿಯಲ್ಲಿ ಒಯ್ದು ತೋಳನ್ನು ಹೆಗಲಿನಿಂದಲೇ ಬಿಚ್ಚಿಸಿ ಹೊಲಿಸಿಕೊಂಡಳು. ಮುಂದಿನ ವಾರ ಗುಪ್ತೋಷ್ಣದ ಪ್ರಯೋಗವನ್ನು ಮತ್ತೆ ಮಾಡಿ ಮುಗಿಸಿದಳು. ಈ ಲೆಕ್ಕಗಳನ್ನು ಆಕೆಗೂ ತೋರಿಸಿದ್ದೇನೆ. ತಾನು ಕುಳ್ಳಿಯಲ್ಲ, ದೇಶದ ಸರಾಸರಿಗೆ ಒಂದು ಸೆಂಟಿಮೀಟರು ಮೇಲೆಯೇ ಇದ್ದೇನೆಂದು ತಿಳಿದಾಗ ಆಕೆಗೆ ಆದ ಆಶ್ಚರ್ಯ ಇಷ್ಟಷ್ಟಲ್ಲ.